ಹುತ್ತದ ಅಣಬೆಯೂ ಮುಳ್ಳಿಲಿಯೂ

ಕಳೆದ ಮಳೆಗಾಲದಲ್ಲಿ, ಆಟಿ ಹುಟ್ಟುವುದಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ನಮ್ಮ ಐದನೆಯ ತರಗತಿಗೆ ಒಂದೇ ಬೆಳಿಗ್ಗೆ ಎರಡು ಕಾಣಿಕೆಗಳು ಬಂದುವು. ಒಂದು, ಸಾಗುವಾನಿ ಎಲೆಯಲ್ಲಿ ಕಟ್ಟಿ ತಂದ ಹುತ್ತದ ಅಣಬೆ. ಇನ್ನೂ ಕೊಡೆ ಬಿಚ್ಚದ, ಬುಡಕ್ಕೆ ಕೆಂಪು ಮಣ್ಣು ಮೆತ್ತಿಕೊಂಡ ಒಂದು ಹಿಡಿ. ಇನ್ನೊಂದು, ಅಡಿಕೆ ಹಾಳೆಯ ತುಂಡಿನ ಮೇಲೆ ಮಲಗಿಸಿದ ಸತ್ತ ಇಲಿ. ಅಣಬೆ ತಂದ ಹುಡುಗಿಗೆ ನಾಚಿಕೆ. ಇಲಿ ತಂದ ಹುಡುಗರಿಬ್ಬರಿಗೆ ಯುದ್ಧ ಗೆದ್ದು ಬಂದ ಸಂಭ್ರಮ.

"ಮಾಷ್ಟ್ರೇ, ನೀವು ಹೇಳಿದ ಮುಳ್ಳಿಲಿ ಇದೇ ಅಲ್ಲವಾ? ಅಪ್ಪ ತೋಟದಲ್ಲಿ ಹೊಡೆದು ಕೊಂದದ್ದು."

ಹಿಂದಿನ ವಾರ ನಾವು ಮಕ್ಕಳಿಗೆ ಮುಳ್ಳಿಲಿಯ ಚಿತ್ರ ತೋರಿಸಿ, ಇದು ಪಶ್ಚಿಮ ಘಟ್ಟದಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಇಲ್ಲದ ಪ್ರಾಣಿ ಎಂದು ಹೇಳಿದ್ದೆವು. ಅದರ ಫಲ ಹೀಗೆ ಹಾಳೆಯ ಮೇಲೆ ಬಂದು ಮಲಗೀತೆಂದು ತಿಳಿದಿರಲಿಲ್ಲ. ಬಾಲವನ್ನು ಎತ್ತಿ ನೋಡಿದೆವು. ಮೈಗಿಂತಲೂ ಉದ್ದ, ಕೂದಲಿಲ್ಲ, ಮೈಯೆಲ್ಲ ಉಂಗುರ ಉಂಗುರ. ತೆಂಗಿನ ತಲೆಯಲ್ಲಿ ಕುಳಿತು ಎಳೆಕಾಯಿ ಕೊರೆಯುವ ನಮ್ಮ ಹಳೆಯ ಪರಿಚಯದ ಕಪ್ಪಿಲಿ ಅದು. ನಮಗೆ ಸಮಾಧಾನವಾಯಿತು, ಹುಡುಗರ ಮುಖ ಬಾಡಿತು.

ಅಂದು ಗಣಿತದ ಪಾಠವಿತ್ತು. ಅದನ್ನೇ ನೆವ ಮಾಡಿಕೊಂಡು ಹಲಗೆಯ ನಡುವೆ ಒಂದು ಗೀಟು ಎಳೆದು, ಒಂದು ಕಡೆ 'ಜಮಾ', ಇನ್ನೊಂದು ಕಡೆ 'ಖರ್ಚು' ಎಂದು ಬರೆದು, ಗುಡ್ಡೆಯಿಂದ ನಮಗೆ ಬರುವುದೇನು, ಗುಡ್ಡೆಗೆ ನಮ್ಮಿಂದ ಹೋಗುವುದೇನು ಹೇಳಿರಿ ಎಂದೆವು. ಜಮಾ ಕಡೆಗೆ ಅಣಬೆ, ಜೇನು, ಸೊಪ್ಪು, ಪುನರ್ಪುಳಿ, ಕಾಟುಮಾವು, ಕಟ್ಟಿಗೆ ಬಂದುವು. ಖರ್ಚಿನ ಕಡೆಗೆ ಹಂದಿ, ಮಂಗ, ನವಿಲು, ಮುಳ್ಳುಹಂದಿ, ಇಲಿ, ಗೆದ್ದಲು. ಹಲಗೆ ತುಂಬಿತು, ಗಂಟೆಯೂ ಹೊಡೆಯಿತು. ಅಣಬೆ ಜಮಾದಲ್ಲಿಯೂ ಗೆದ್ದಲು ಖರ್ಚಿನಲ್ಲಿಯೂ ಕುಳಿತದ್ದನ್ನು ಮಕ್ಕಳು ತಪ್ಪೆಂದು ಹೇಳಲಿಲ್ಲ. ನಿಜ ಹೇಳಬೇಕಾದರೆ, ಸಾಯಂಕಾಲ ಮನೆಯಲ್ಲಿ ಅಣಬೆ ಸಾರಿನ ಮುಂದೆ ಕುಳಿತುಕೊಳ್ಳುವ ತನಕ ನಮಗೂ ಹೊಳೆಯಲಿಲ್ಲ. ಊರಿನ ದೊಡ್ಡವರ ಲೆಕ್ಕವೂ ಹೀಗೆಯೇ ಇರುವುದರಿಂದ ಇದನ್ನು ಇಲ್ಲಿ ವಿಸ್ತರಿಸುವುದು ಉಚಿತವೆಂದು ತೋರಿತು.

ಮೊದಲು ಅಣಬೆಯ ವಿಚಾರ. ಹುತ್ತದ ಅಣಬೆ ಎಂಬುದು ತಾನಾಗಿ ಹುಟ್ಟುವ ವಸ್ತುವಲ್ಲ. ಅದು ಗೆದ್ದಲಿನ ಬೆಳೆ. ಗೆದ್ದಲು ಒಣಗಿದ ಎಲೆ, ಕೊಂಬೆ, ಸತ್ತ ಮರ ಇವುಗಳನ್ನು ತಿಂದರೂ ಅದರಲ್ಲಿನ ಗಟ್ಟಿ ನಾರನ್ನು ತಾನೊಂದೇ ಜೀರ್ಣಿಸಿಕೊಳ್ಳಲಾರದು. ಆದುದರಿಂದ ತಿಂದದ್ದನ್ನು ಅರ್ಧಂಬರ್ಧ ಹೊರಹಾಕಿ, ಅದರಿಂದ ಹುತ್ತದೊಳಗೆ ಸ್ಪಂಜಿನಂತಹ ಕಂದುಬಣ್ಣದ ಗೂಡುಗಳನ್ನು ಕಟ್ಟುತ್ತದೆ. ಹುತ್ತ ಅಗೆದವರೆಲ್ಲ ಅವನ್ನು ಕಂಡಿದ್ದಾರೆ. ಆ ಗೂಡಿನ ಮೇಲೆ ಶಿಲೀಂಧ್ರದ ಬಿಳಿಯ ನೂಲು ಹಬ್ಬಿ, ನಾರನ್ನು ಮೆತ್ತಗೆ ಮಾಡಿ, ಗಸಗಸೆಯಂತಹ ಬಿಳಿ ಕಾಳುಗಳನ್ನು ಬಿಡುತ್ತದೆ. ಗೆದ್ದಲುಗಳು ಆ ಕಾಳನ್ನೂ ಹಣ್ಣಾದ ಹಳೆಯ ಗೂಡನ್ನೂ ತಿಂದು ಬದುಕುತ್ತವೆ. ನಾವು ಸುಡುಮಣ್ಣು, ಸೊಪ್ಪು, ಹಟ್ಟಿಗೊಬ್ಬರ ಹಾಕಿ ಬೇಸಾಯ ಮಾಡುವಂತೆ ಅವೂ ಕತ್ತಲೆಯಲ್ಲಿ ಬೇಸಾಯ ಮಾಡುತ್ತವೆ. ಮನುಷ್ಯನ ಕೃಷಿಗೆ ಹತ್ತು ಹನ್ನೆರಡು ಸಾವಿರ ವರ್ಷಗಳಾದುವು. ಗೆದ್ದಲಿನ ಈ ಕೃಷಿ ಆಫ್ರಿಕದಲ್ಲಿ ಆರಂಭವಾಗಿ ಸುಮಾರು ಮೂರು ಕೋಟಿ ವರ್ಷಗಳಾದುವೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಯಾರು ಹಿರಿಯ ರೈತರೆಂಬುದನ್ನು ವಾಚಕರೇ ತೀರ್ಮಾನಿಸಬಹುದು.

ಈ ಸಂಗತಿ ಹೊಸತೂ ಅಲ್ಲ. ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನಿಷ್ ಮಿಶನ್ನಿನ ವೈದ್ಯ ಕ್ಯೋನಿಗ್ ಎಂಬವನು ತಂಜಾವೂರು ಸೀಮೆಯ ಹುತ್ತಗಳನ್ನು ಅಗೆದು ನೋಡಿ, ಅದರೊಳಗಿನ ಶಿಲೀಂಧ್ರವನ್ನು 1779ರಷ್ಟು ಹಿಂದೆಯೇ ವರ್ಣಿಸಿದ್ದನು. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಎಂಬ ವಿದ್ವಾಂಸನು ಈ ಕುಲಕ್ಕೆ 'ಟರ್ಮಿಟೋಮೈಸಿಸ್' ಎಂದು ಹೆಸರಿಟ್ಟನು. ಗೆದ್ದಲಿನ ಅಣಬೆ ಎಂದೇ ಅರ್ಥ. ನಮ್ಮಲ್ಲಿ ಕಾಣುವ ಜಾತಿಗಳಲ್ಲಿ ಕೊಡೆಯಷ್ಟು ಅಗಲಕ್ಕೆ ಬಿಚ್ಚುವುದೂ ಉಂಟು, ಅಕ್ಕಿ ಚೆಲ್ಲಿದಂತೆ ನೆಲತುಂಬ ಏಳುವ ಅಕ್ಕಿ ಅಣಬೆಯೂ ಉಂಟು. ದೊಡ್ಡ ಜಾತಿಯದನ್ನು ಮೆಲ್ಲನೆ ಎಳೆದು ನೋಡಿರಿ. ಬೇರಿನಂತಹ ಉದ್ದದ ಬುಡವು ಮಣ್ಣಿನೊಳಗೆ ಇಳಿದು ನೇರವಾಗಿ ಗೆದ್ದಲಿನ ಗೂಡಿಗೆ ಹೋಗಿರುತ್ತದೆ. ಅಕ್ಕಿ ಅಣಬೆಗೆ ಆ ಬೇರಿಲ್ಲ. ಗೆದ್ದಲುಗಳು ಹಳೆಯ ಗೂಡಿನ ಚೂರುಗಳನ್ನು ಹೊರಗೆ ತಂದು ಹರಡಿದಲ್ಲಿ ಅದು ಏಳುತ್ತದೆ.

ಇದನ್ನು ಬೆಳೆಸಬಾರದೇ ಎಂದು ಕೇಳುವವರುಂಟು. ಚಿಪ್ಪಣಬೆಯನ್ನು ಬೈಹುಲ್ಲಿನಲ್ಲಿ ಬೆಳೆಸಬಹುದು, ನಮ್ಮೂರಿನ ಹೆಂಗಸರು ಬೆಳೆಸಿ ಮಾರಿದ್ದೂ ಉಂಟು. ಆದರೆ ಹುತ್ತದ ಅಣಬೆಗೆ ಬೀಜ ಹಾಕಿ ಗೊನೆ ಕಡಿಯುವ ದಾರಿ ರೈತರ ಕೈಗೆ ಬಂದಿಲ್ಲ. ಅದಕ್ಕೆ ಗೆದ್ದಲೇ ಬೇಕು.

ನೆರೆಮನೆಯ ಅಜ್ಜಿಯೊಬ್ಬರ ಮಾತು ಇಲ್ಲಿ ನೆನಪಾಗುತ್ತದೆ. ಮೊಗ್ಗಿನ ಅಣಬೆಯೇ ರುಚಿಯೆಂದು ನಾವು ಚಿಕ್ಕಂದಿನಲ್ಲಿ ಒಂದನ್ನೂ ಬಿಡದೆ ಕಿತ್ತು ತಂದಾಗ ಅವರು, "ಎಲ್ಲಾ ಕಿತ್ತರೆ ಹುತ್ತ ಮುನಿಯುತ್ತದೆ ಮಗಾ, ನಾಲ್ಕು ಅರಳಲಿಕ್ಕೆ ಬಿಡು" ಎನ್ನುತ್ತಿದ್ದರು. ನಾವು ಅದನ್ನು ಅಜ್ಜಿಯರ ಭಯಭಕ್ತಿಯೆಂದೇ ಎಣಿಸಿದ್ದೆವು. ಈಗ ಓದಿ ತಿಳಿದ ಮೇಲೆ ಅದರ ಒಳಗುಟ್ಟು ಕಾಣುತ್ತದೆ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲುಗಳು ಹಾರಿ ಹೋಗಿ ಜೋಡಿಯಾಗಿ ಹೊಸ ಸಂಸಾರ ಹೂಡುತ್ತವಷ್ಟೆ. ಹೆಚ್ಚಿನ ಜಾತಿಗಳಲ್ಲಿ ಆ ಜೋಡಿಯ ಕೈಯಲ್ಲಿ ಅಣಬೆಯ ಬೀಜವಿರುವುದಿಲ್ಲ. ಅವುಗಳ ಮೊದಲ ಮಕ್ಕಳು ಆಹಾರ ಹುಡುಕಿ ಹೊರಗೆ ಬರುವ ಹೊತ್ತಿಗೆ, ಬೇರೆ ಹುತ್ತಗಳ ಅಣಬೆ ಅರಳಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅದರ ಬೀಜಕಣಗಳು ತರಗೆಲೆಯ ಮೇಲೆ ಬಿದ್ದಿರಬೇಕು. ಅದನ್ನು ಎಲೆಯೊಂದಿಗೆ ಒಳಗೆ ಕೊಂಡುಹೋದರೆ ಮಾತ್ರ ಹೊಸ ಹುತ್ತದ ಬೇಸಾಯ ಆರಂಭವಾಗುವುದು. ಇಲ್ಲವಾದರೆ ಆ ಸಂಸಾರ ನಿಲ್ಲುವುದಿಲ್ಲ. ಒಂದು ಗುಡ್ಡೆಯ ಅಣಬೆಯನ್ನೆಲ್ಲ ಮೊಗ್ಗಿನಲ್ಲಿಯೇ ಚಿವುಟಿದರೆ ಮುಂದಿನ ಹುತ್ತಗಳಿಗೆ ಬಿತ್ತನೆ ಬೀಜವೇ ಇಲ್ಲವೆಂದು ಅರ್ಥ. ಈಗ ಪೇಟೆಯಲ್ಲಿ ಕಿಲೋಗೆ ಬರುವ ಕ್ರಯ ನೋಡಿ, ಬೆಳಗಿನ ಜಾವ ಟಾರ್ಚು ಹಿಡಿದು ಗುಡ್ಡೆ ಗುಡಿಸುವವರು ಬಹಳ ಮಂದಿ ಇದ್ದಾರೆ. ಅಜ್ಜಿಯವರ ಮಾತನ್ನು ಅವರಿಗೆ ತಲುಪಿಸತಕ್ಕವರಿಲ್ಲ.

ನಮ್ಮದೇ ತಪ್ಪೊಂದನ್ನು ಹೇಳಿಬಿಡುವುದು ಲೇಸು. 2012ರಲ್ಲಿ ತೋಟದ ಮೇಲಿನ ಬದಿಯನ್ನು ಯಂತ್ರ ತರಿಸಿ ತಟ್ಟು ಹಾಕಿಸಿದೆವು; ನಾನ್ನೂರು ಅಡಿಕೆ ಸಸಿ ಇಡುವ ಆಶೆ. ಎದೆಯೆತ್ತರದ ಮೂರು ಹುತ್ತಗಳು ಒಂದು ಗಂಟೆಯಲ್ಲಿ ಸಮತಟ್ಟಾದುವು. ಉಳಿದ ಗೆದ್ದಲು ಸಸಿಗೆ ಬಂದೀತೆಂದು ಹೆದರಿ ಮದ್ದನ್ನೂ ಹೊಯ್ದೆವು. ಮರುವರ್ಷದ ಮಳೆಗಾಲದಲ್ಲಿ ಅಲ್ಲಿ ಅಣಬೆಯ ಬದಲಿಗೆ ನೆಲದಿಂದ ಕಪ್ಪು ಕಡ್ಡಿಗಳಂತಹ ಏನೋ ಎದ್ದಿತ್ತು. ಅದೂ ಒಂದು ಶಿಲೀಂಧ್ರವೇ. ಗೆದ್ದಲುಗಳು ಬದುಕಿರುವಷ್ಟು ಕಾಲ ಅದನ್ನು ಕಳೆಯಂತೆ ಕಿತ್ತು ಒಳಗೇ ಹತ್ತಿಕ್ಕುತ್ತವೆ. ಬೇಸಾಯಗಾರ ಸತ್ತ ಮೇಲೆ ಕಳೆಗೆ ರಾಜ್ಯ. ಅಂದಿನಿಂದ ಇಂದಿನವರೆಗೆ ಆ ಬದಿಯಲ್ಲಿ ಒಂದು ಅಣಬೆ ಎದ್ದಿಲ್ಲ. ಸಸಿಗೆ ಗೆದ್ದಲು ಹಿಡಿಯುವುದು ನಿಜ. ತೆಂಗಿನ ನರ್ಸರಿಯಲ್ಲಿ ಕಾಯಿಯ ಮೇಲೆ ಹೊಳೆಯ ಮರಳು ಹರಡುವುದರಿಂದ ಅದನ್ನು ಬಹಳ ಮಟ್ಟಿಗೆ ತಡೆಯಬಹುದು. ನೂರು ಗಜ ಆಚೆಗಿರುವ ಹುತ್ತವನ್ನು ಹುಡುಕಿ ಹೋಗಿ ಕೊಲ್ಲಬೇಕಾದ ಅಗತ್ಯವಿರಲಿಲ್ಲ.

ಇನ್ನು ಮುಳ್ಳಿಲಿ. ಮಲೆಯಾಳದಲ್ಲಿ ಮುಳ್ಳೆಲಿ ಎನ್ನುತ್ತಾರೆ. ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನು 1859ರಲ್ಲಿ ಇದನ್ನು ವರ್ಣಿಸಿ 'ಪ್ಲಾಟಕ್ಯಾಂತೊಮಿಸ್ ಲಾಸಿಯುರಸ್' ಎಂದು ಹೆಸರಿಟ್ಟನು. ಚಪ್ಪಟೆ ಮುಳ್ಳಿನ, ರೋಮಭರಿತ ಬಾಲದ ಇಲಿ ಎಂದು ಅದರ ತಾತ್ಪರ್ಯ. ಹೆಸರಿನಲ್ಲಿಯೇ ಗುರುತು ಇದೆ. ಗೇಣಿಗಿಂತ ಗಿಡ್ಡ ಮೈ, ಬೆನ್ನಿನ ಕಂದು ರೋಮಗಳ ನಡುವೆ ಚಪ್ಪಟೆಯಾದ ಮುಳ್ಳುಗಳು, ಹೊಟ್ಟೆಯಡಿ ಬಿಳುಪು. ಬಾಲ ಮೈಗಿಂತ ತುಸು ಗಿಡ್ಡ. ತುದಿಯ ಕಡೆಗೆ ಬಾಟಲಿ ತೊಳೆಯುವ ಬ್ರಶ್ಶಿನಂತೆ ರೋಮ ತುಂಬಿ, ಕೊನೆಯಲ್ಲಿ ಬಿಳಿ. ಮುಟ್ಟಿದರೆ ಚುಚ್ಚುವ ಕೂದಲಿನ ಸಣ್ಣ ಇಲಿ ನಮ್ಮ ಬಯಲುಗಳ ಬಿಲದಲ್ಲಿಯೂ ಇದೆ; ಅದು ಬೇರೆ, ಅದರ ಬಾಲದಲ್ಲಿ ಈ ಬ್ರಶ್ಶು ಇಲ್ಲ. ಆದುದರಿಂದ ಸಂಶಯ ಬಂದಲ್ಲಿ ಬಾಲ ನೋಡತಕ್ಕದ್ದು. ಕೊಂದ ಮೇಲಲ್ಲ, ಮೊದಲೇ.

ಮುಳ್ಳಿಲಿ ನೆಲದಲ್ಲಿ ಬಿಲ ತೋಡುವುದಿಲ್ಲ. ಹಳೆಯ ದೊಡ್ಡ ಮರಗಳ ಪೊಟರೆಯಲ್ಲಿ ಎಲೆ, ಪಾಚಿ ಹಾಸಿ ಮನೆ ಮಾಡುತ್ತದೆ. ಹಗಲು ಮಲಗಿ, ರಾತ್ರಿ ಕೊಂಬೆಯಿಂದ ಕೊಂಬೆಗೆ ಓಡಾಡಿ ಹಣ್ಣು, ಬೀಜ ತಿನ್ನುತ್ತದೆ. ಮರಗಳ ತಲೆ ಒಂದಕ್ಕೊಂದು ತಾಗಿಕೊಂಡಿರುವ ದಟ್ಟ ಕಾಡೇ ಅದಕ್ಕೆ ಬೇಕು. ಇಲಿಯೆಂದು ನಾವು ಕರೆಯುತ್ತೇವೆಯೇ ಹೊರತು ನಮ್ಮ ಅಟ್ಟದ ಇಲಿಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆಯಿಲ್ಲ. ಅದರ ಮನೆತನದಲ್ಲಿ ಈಗ ಉಳಿದಿರುವುದು ಎರಡೇ ಕವಲು. ಒಂದು ನಮ್ಮ ಘಟ್ಟದಲ್ಲಿ, ಇನ್ನೊಂದು ಚೀನಾ ಮತ್ತು ವಿಯೆಟ್ನಾಮಿನ ಬೆಟ್ಟಗಳಲ್ಲಿ. ನಡುವಿನವರೆಲ್ಲ ಅಳಿದುಹೋದರು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ಸಾಲಿನಲ್ಲಿದೆ. ಕಾಡು ತುಂಡು ತುಂಡಾದುದೇ ಕಾರಣ.

ಹಿಂದೆ ಇದು ಅಪರೂಪವಾಗಿರಲಿಲ್ಲವೆಂದು ತಿಳಿಯುತ್ತದೆ. ತಿರುವಿದಾಂಕೂರಿನ ಮಲೆಗಳಲ್ಲಿದ್ದ ಬೇಕರ್ ಎಂಬ ಪಾದ್ರಿಯು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ವಿವರಗಳು ಸೊಗಸಾಗಿವೆ. ಸುಮಾರು 3,000 ಅಡಿ ಎತ್ತರದ ಗುಡ್ಡಗಳಲ್ಲಿ ಅವನು ಇದನ್ನು ಕಂಡನು. ಅಲ್ಲಿನ ಮಲೆಯ ಜನರು ಇದನ್ನು ಮೆಣಸಿನ ಇಲಿ ಎನ್ನುತ್ತಿದ್ದರು. ಹಣ್ಣಾದ ಕಾಳುಮೆಣಸು, ಹಲಸು, ಹೆಬ್ಬಲಸುಗಳನ್ನು ಹಾಳುಗೆಡಹುವುದೆಂದು ದೂರುತ್ತಿದ್ದರು. ಬೈನೆ ಮರಕ್ಕೆ ಕಟ್ಟಿದ ಕಳ್ಳಿನ ಮಡಕೆಯ ಮುಚ್ಚಳ ಕಡಿದು ಕುಡಿಯುವುದೂ ಇದರ ಅಭ್ಯಾಸವಂತೆ. ಅಮಲೇರಿ ಮಡಕೆಯಲ್ಲಿಯೇ ಸಿಕ್ಕಿಬಿದ್ದ ಮುಳ್ಳಿಲಿಗಳ ವರ್ತಮಾನವನ್ನು ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿಯೂ ಕಾಣಬಹುದು. ಉತ್ತರದ ಕಡೆ, ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕರಿಗೆ ಇದು ದೊರೆತ ಸಂಗತಿ 1968ರಲ್ಲಿ ಅಚ್ಚಾಗಿದೆ. ತಿರುವಿದಾಂಕೂರಿಗೂ ಶಿವಮೊಗ್ಗಕ್ಕೂ ನಡುವೆ ನಮ್ಮ ಕಾಸರಗೋಡು, ಅದರ ಮೇಲೆ ಕೊಡಗು. ನಾವಂತೂ ಈ ವಯಸ್ಸಿನ ತನಕ ಜೀವಂತ ಮುಳ್ಳಿಲಿಯನ್ನು ಕಂಡಿಲ್ಲ. ನಮ್ಮ ತೋಟಗಳ ಇಲಿಕಾಟಕ್ಕೆ ಅದರ ಹೆಸರು ಹೇಳುವುದು ಅನ್ಯಾಯ.

ಕಾಟ ಕೊಡುವುದು ಕಪ್ಪಿಲಿ. ಎಳೆಕಾಯಿಯ ತೊಟ್ಟಿನ ಬಳಿ ತೂತು ಕಂಡರೆ ಅದರದೇ ಕೆಲಸ. ಅದಕ್ಕೆ ತಕ್ಕ ಉಪಾಯವನ್ನು ನಮ್ಮ ಕಾಸರಗೋಡಿನಲ್ಲಿಯೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯದವರು ಹೇಳಿಕೊಟ್ಟಿದ್ದಾರೆ: ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ಐದು ತೆಂಗಿಗೆ ಒಂದರಂತೆ ಮರದ ತಲೆಯಲ್ಲಿ, ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ಇಡತಕ್ಕದ್ದು. ಮರಗಳ ಗರಿ ಒಂದಕ್ಕೊಂದು ತಾಗದಿದ್ದರೆ, ನೆಲದಿಂದ ಎರಡು ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿ ಸುತ್ತಿದರೆ ವಿಷವೇ ಬೇಡ. ಆದರೆ ನಮ್ಮವರು ಮಾಡುವುದೇನು? ಬಿಲ್ಲೆ ಉಳಿಯಿತೆಂದು ಗುಡ್ಡೆಯ ಮರದ ಪೊಟರೆಗಳಿಗೂ ತುರುಕಿ ಬರುತ್ತಾರೆ. ಪೊಟರೆಯಲ್ಲಿ ಯಾರು ವಾಸವೆಂದು ಬಿಲ್ಲೆ ಕೇಳುವುದಿಲ್ಲ. ಆ ವಿಷ ತಿಂದು ತೂಕಡಿಸುವ ಇಲಿಯನ್ನು ಹಿಡಿದ ಗೂಬೆಯೂ ಸಾಯುತ್ತದೆ. ಇಲಿ ಹಿಡಿಯುವ ಸಂಬಳವಿಲ್ಲದ ಆಳು ಹೋದ ಮೇಲೆ ಮರುವರ್ಷ ಎರಡರಷ್ಟು ಬಿಲ್ಲೆ ಬೇಕಾಗುತ್ತದೆ. ವಿಷದ ಪಾಠವನ್ನು ಈ ಜಿಲ್ಲೆಯವರಿಗೆ ಹೇಳಬೇಕಾದ್ದೇ ಇಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದ ವರ್ಷಗಳು 2000ದಲ್ಲಿ ಮುಗಿದುವು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಕ್ಕೇ ನಿಷೇಧಿಸಿತು. ಅದರ ಬಾಧೆಯಲ್ಲಿ ಹುಟ್ಟಿದ ಮಕ್ಕಳಿಗೆ ನಾವು ಪಾಠ ಹೇಳಿದ್ದೇವೆ.

ಇಲಿಯೆಂಬ ಹೆಸರೇ ಒಂದು ಶಿಕ್ಷೆಯಾಗಿದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಸಹ ಕಾಗೆ, ಹಣ್ಣಿನ ಬಾವಲಿಗಳೊಂದಿಗೆ ಇಲಿಗಳನ್ನು ಪೀಡೆಗಳ ಪಟ್ಟಿಗೆ ಸೇರಿಸಿದ್ದರು; ಆ ಪಟ್ಟಿಯನ್ನು 2022ರ ತಿದ್ದುಪಡಿಯಲ್ಲಿ ತೆಗೆದುಹಾಕಿದರು. ಕಾನೂನಿಗೆ ಐವತ್ತು ವರ್ಷ ಬೇಕಾಯಿತೆಂದ ಮೇಲೆ ನಮ್ಮ ಹುಡುಗರನ್ನು ಹೇಗೆ ದೂರೋಣ?

ಅಣಬೆಯನ್ನೂ ಮುಳ್ಳಿಲಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವಾಗ ಮೊದಲು ಕಾಣುವುದು ಭೇದವೇ. ಒಂದಕ್ಕೆ ಕಾಲಿಲ್ಲ, ಒಂದು ನಿಂತಲ್ಲಿ ನಿಲ್ಲುವುದಿಲ್ಲ. ಒಂದನ್ನು ಹುಡುಕಿಕೊಂಡು ಹೋಗುತ್ತೇವೆ, ಇನ್ನೊಂದನ್ನು ಓಡಿಸಿಕೊಂಡು ಹೋಗುತ್ತೇವೆ. ಅಣಬೆ ವರ್ಷಕ್ಕೆ ನಾಲ್ಕು ದಿನ ಮುಖ ತೋರಿಸಿ ಉಳಿದ ಕಾಲ ನೆಲದಡಿ ನೂಲಾಗಿ ಬದುಕಿರುತ್ತದೆ. ಮುಳ್ಳಿಲಿ ದಿನವೂ ಬದುಕಿದ್ದು ಮುಖವನ್ನೇ ತೋರಿಸುವುದಿಲ್ಲ. ಆದರೆ ಇಬ್ಬರ ಮನೆಯನ್ನೂ ವಿಚಾರಿಸಿಕೊಂಡು ಹೋದರೆ ದಾರಿ ಒಂದೇ ಮರದ ಬುಡಕ್ಕೆ ಬರುತ್ತದೆ. ಹಳೆಯ ಮರದ ಒಣಕೊಂಬೆ ಬೀಳುತ್ತದೆ, ಗೆದ್ದಲು ಅದನ್ನು ಹುತ್ತಕ್ಕೆ ಸಾಗಿಸುತ್ತದೆ, ಅಣಬೆ ಏಳುತ್ತದೆ. ಕೊಂಬೆ ಮುರಿದ ಗಾಯದಿಂದ ಬೇರೆ ಜಾತಿಯ ಶಿಲೀಂಧ್ರಗಳು ಒಳಹೊಕ್ಕು ಮರದ ತಿರುಳನ್ನು ವರ್ಷಗಟ್ಟಲೆ ಮೆತ್ತಗೆ ಮಾಡುತ್ತವೆ. ಗೆದ್ದಲೂ ಸೇರಿಕೊಂಡು ತಿರುಳು ಖಾಲಿಯಾಗುತ್ತದೆ. ಹೊರಗಿನ ಸಿಪ್ಪೆ, ಹಸಿಮರ ಜೀವಂತವಾಗಿರುವುದರಿಂದ ಮರ ನಿಂತೇ ಇರುತ್ತದೆ, ಹಣ್ಣೂ ಕೊಡುತ್ತದೆ. ಹೀಗೆ ಆದ ಪೊಟರೆಯಲ್ಲಿ ಮುಳ್ಳಿಲಿ, ಹಾರುವ ಅಳಿಲು, ಗೂಬೆ, ಓಂಗಿಲೆ, ತೊಡುವೆ ಜೇನು, ಮುಜಂಟಿ. ಮುಳ್ಳಿಲಿಗೆ ಮನೆ ಕಟ್ಟಿಕೊಟ್ಟ ಬಡಗಿ ಯಾರೆಂದರೆ ಅಣಬೆಯ ದಾಯಾದಿಯೇ. ಮರ ಪೊಳ್ಳಾಗುವುದಕ್ಕೆ ಒಂದು ಮನುಷ್ಯನ ಆಯುಷ್ಯ ಸಾಲದು. ಹುತ್ತದ ಹೊಸ ಸಂಸಾರ ಕೆಲವು ವರ್ಷಗಳಲ್ಲಿ ಬೆಳೆದೀತು. ಪೊಟರೆಯನ್ನು ನೆಟ್ಟು ಬೆಳೆಸುವುದಕ್ಕಾಗುವುದಿಲ್ಲ. ಈ ಒಂದು ವಿಷಯದಲ್ಲಿ ಮುಳ್ಳಿಲಿಯ ಕಷ್ಟ ಅಣಬೆಯದಕ್ಕಿಂತ ಹೆಚ್ಚಿನದು.

ಶಿಲೀಂಧ್ರಕ್ಕೂ ದಂಶಕ ಪ್ರಾಣಿಗೂ ಇದಕ್ಕಿಂತಲೂ ನೇರವಾದ ಕೊಡುಕೊಳ್ಳುವಿಕೆ ಇರುವ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಅಪಲೇಚಿಯನ್ ಪರ್ವತಗಳ ಎತ್ತರದ ಸ್ಪ್ರೂಸ್ ಕಾಡುಗಳಲ್ಲಿ ಹಾರುವ ಅಳಿಲಿನ ಒಂದು ಉಪಜಾತಿಯಿದೆ. ಉತ್ತರ ಕ್ಯಾರೊಲೈನ, ಟೆನ್ನೆಸಿ ಕಡೆಯದು. 1985ರಲ್ಲಿ ಅದನ್ನು ಅಳಿವಿನ ಅಂಚಿನ ಪ್ರಾಣಿಯೆಂದು ಅಲ್ಲಿನ ಸರಕಾರ ಸಾರಿತು. ಅದರ ಮುಖ್ಯ ಆಹಾರಗಳಲ್ಲಿ ಒಂದು, ಮರದ ಬೇರಿಗೆ ಅಂಟಿಕೊಂಡು ಮಣ್ಣಿನೊಳಗೇ ಗೆಡ್ಡೆಯಂತೆ ಬೆಳೆಯುವ ಶಿಲೀಂಧ್ರ. ಈ ಶಿಲೀಂಧ್ರ ಮರಕ್ಕೆ ನೀರು, ಲವಣ ಒದಗಿಸಿ ಮರದಿಂದ ಸಕ್ಕರೆ ಪಡೆಯುತ್ತದೆ. ನೆಲದ ಮೇಲೆ ಕೊಡೆ ಬಿಚ್ಚದ ಕಾರಣ ಅದರ ಬೀಜಕಣವನ್ನು ಗಾಳಿ ಕೊಂಡೊಯ್ಯಲಾರದು. ಬಲಿತಾಗ ಪರಿಮಳ ಬೀರುತ್ತದೆ. ಅಳಿಲು ಮೂಗಿನ ಜಾಡು ಹಿಡಿದು ಬಂದು ಅಗೆದು ತಿನ್ನುತ್ತದೆ. ಬೀಜಕಣ ಹಿಕ್ಕೆಯೊಂದಿಗೆ ಬೇರೆ ಮರಗಳ ಬುಡಕ್ಕೆ ಹೋಗಿ ಬೀಳುತ್ತದೆ. ಮರಕ್ಕೆ ಶಿಲೀಂಧ್ರ ಬೇಕು, ಶಿಲೀಂಧ್ರಕ್ಕೆ ಅಳಿಲು ಬೇಕು, ಅಳಿಲಿಗೆ ಮರ ಬೇಕು.

ಬೇರಿಗೆ ಅಂಟಿ ಬೆಳೆಯುವ ಇಂತಹ ಶಿಲೀಂಧ್ರ ನಮಗೇನೂ ಅಪರಿಚಿತವಲ್ಲ. ಮಳೆಗಾಲದ ಮೊದಲಿಗೆ ಕೆಂಪುಮಣ್ಣು ಕೆದಕಿ ಗೋಲಿಯಂತೆ ಹೆಕ್ಕುವ ಕಲ್ಲಣಬೆ, ತುಳುವಿನ ಕಲ್ಲಳಂಬು, ಬೋಗಿಯ ವರ್ಗಕ್ಕೆ ಸೇರಿದ ಮರಗಳ ಬೇರನ್ನು ಹಿಡಿದು ಬದುಕುವಂಥದೇ. ಬೋಗಿಮರ ಕಡಿದು ರಬ್ಬರು ಇಟ್ಟವರು, ಕಲ್ಲಣಬೆ ಈಗ ಏಕೆ ಸಿಗುವುದಿಲ್ಲವೆಂದು ನಮ್ಮೊಡನೆ ಕೇಳಿದ್ದುಂಟು.

ನಾಗಬನಗಳಲ್ಲಿ ಹುತ್ತಕ್ಕೂ ಹಳೆಯ ಮರಕ್ಕೂ ಕೈ ಹಚ್ಚುವವರಿಲ್ಲದೆ ಎರಡೂ ಉಳಿದಿದ್ದುವು. ಹಿರಿಯರು ಪ್ರಾಣಿಶಾಸ್ತ್ರ ಓದಿ ಹಾಗೆ ಮಾಡಿದ್ದಲ್ಲ, ಹೆದರಿ ಮಾಡಿದ್ದು, ಆದರೂ ಉಳಿಯಿತು. ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ಮರ ತೆಗೆದು, ಸಿಮೆಂಟಿನ ಕಟ್ಟೆ ಕಟ್ಟಿ, ಸುತ್ತ ಹೊಳೆಯುವ ಕಲ್ಲು ಹಾಸುವ ರೂಢಿ ಬಂದಿದೆ. ಚಂದಾ ಕೇಳಲು ಬಂದವರೊಡನೆ ನಾವು ಒಮ್ಮೆ, ಬನವಿಲ್ಲದೆ ನಾಗ ಎಲ್ಲಿಗೆ ಹೋಗಬೇಕೆಂದು ಕೇಳಿ, ಮಾತು ಬೆಳೆದು, ಒಂದು ವರ್ಷ ಆ ಮನೆಯವರು ನಮ್ಮೊಡನೆ ಸರಿಯಾಗಿ ಮಾತಾಡಿರಲಿಲ್ಲ. ಅದು ಇರಲಿ.

ಅಣಬೆ ತಿನ್ನುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆ. ಹುತ್ತದ ಸಮೀಪ ಎದ್ದುದೆಲ್ಲ ಹುತ್ತದ ಅಣಬೆಯಲ್ಲ. ಬೆಳ್ಳಿ ಕಪ್ಪಾಗುವುದು, ಅಕ್ಕಿ ಕೆಂಪಾಗುವುದು ಎಂಬ ಪರೀಕ್ಷೆಗಳನ್ನು ನಂಬಬಾರದು. ವಿಷದ ಅಣಬೆಗೆ ಇವು ಗುರುತಲ್ಲ. ಬಲ್ಲ ಹಿರಿಯರು ನೋಡಿ ಅಹುದೆಂದದ್ದನ್ನು ಮಾತ್ರ ಅಡಿಗೆಗೆ ತರಬೇಕು. ಹೊಸ ತಲೆಮಾರಿಗೆ ಈ ಗುರುತು ಹಿಡಿಯುವ ವಿದ್ಯೆ ತಪ್ಪುತ್ತಿದೆ.

ನಮ್ಮ ವರ್ಗಜಾಗದ ಮೇಲ್ಬದಿಯಲ್ಲಿ, 2012ರ ಯಂತ್ರ ತಲುಪದೆ ಉಳಿದ ಮೂಲೆಯಲ್ಲಿ, ಒಂದು ಹೆಬ್ಬಲಸಿನ ಮರವಿದೆ. ಇಬ್ಬರು ತಬ್ಬಿದರೂ ಕೈ ಸೇರದ ಗಾತ್ರ. ಆಳೆತ್ತರಕ್ಕೆ ಮೇಲೆ ಒಂದು ಪೊಟರೆ; ಬುಡದಲ್ಲಿ ಒಂದು ಹುತ್ತ. ಮರದ ವ್ಯಾಪಾರಿ ಎರಡು ಸಲ ಬಂದು, ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಯಿಟ್ಟು ನೋಡಿ, "ಒಳಗೆ ಪೊಳ್ಳು ಉಂಟು ಮಾಷ್ಟ್ರೇ, ಅರ್ಧ ಕ್ರಯ ಕೊಡಬಹುದು, ಇನ್ನು ಇಟ್ಟರೆ ಅದೂ ಇಲ್ಲ" ಎಂದು ಹೇಳಿ ಹೋಗಿದ್ದಾನೆ. ಅರ್ಧ ಕ್ರಯವೆಂದರೂ ಸಣ್ಣ ಮೊತ್ತವಲ್ಲ. ಮನೆಯ ಮಾಡಿನ ಪಕ್ಕಾಸು ಬದಲಾಯಿಸಬೇಕಾಗಿದೆ, ಮಗಳ ಕಾಲೇಜಿನ ಫೀಸಿದೆ, ಅಡಿಕೆಗೆ ಕಳೆದ ಮಳೆಗಾಲದಲ್ಲಿ ಕೊಳೆರೋಗ ಬಂದಿದೆ. ಮನೆಯವರು ಕೇಳುವುದರಲ್ಲಿ ತಪ್ಪೇನೂ ಇಲ್ಲ: "ನೀವು ಕಾಣದೆ ಇದ್ದ ಇಲಿಗಾಗಿ ಮರ ಇಡುವುದಾ?"

ಮುಳ್ಳಿಲಿಗಾಗಿ ಅಲ್ಲವೆಂದು ನಾವು ಹೇಳಿದೆವು. ಆ ಪೊಟರೆಯಲ್ಲಿ ಗೂಬೆಯ ಜೋಡಿಯೊಂದು ಕೂಗುತ್ತಿರುವುದನ್ನು ಮನೆಯವರೆಲ್ಲ ಕೇಳಿದ್ದಾರೆ. ಆ ಬದಿಯ ತೆಂಗಿನ ಬುಡದಲ್ಲಿ ತೂತು ಬಿದ್ದ ಎಳೆಕಾಯಿಗಳನ್ನು ನಾವು ಎರಡು ವರ್ಷ ಎಣಿಸಿ ಬರೆದಿಟ್ಟಿದ್ದೇವೆ. ಮನೆಯ ಸುತ್ತಲಿನ ತೆಂಗಿಗಿಂತ ಕಡಿಮೆಯೇ. ಗೂಬೆಯಿಂದಲೋ ಬೇರೆ ಕಾರಣದಿಂದಲೋ ಪ್ರಮಾಣ ಮಾಡಿ ಹೇಳಲಾರೆವು. ಬುಡದ ಹುತ್ತದಲ್ಲಿ ಕಳೆದ ವರ್ಷ ಎರಡು ಹೊತ್ತಿನ ಪದಾರ್ಥಕ್ಕಾಗುವಷ್ಟು ಅಣಬೆ ಎದ್ದಿತು; ಅರ್ಧ ಕಿತ್ತು ಅರ್ಧವನ್ನು ಅರಳಲು ಬಿಟ್ಟೆವು. ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯದು ಬೇರೆ ಲೆಕ್ಕ. ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ವ್ಯಾಪಾರಿಯ ಅರ್ಧ ಕ್ರಯದ ಎದುರು ಇಟ್ಟಾಗ ಎರಡೂ ಸಮವಾಗಲಿಲ್ಲ, ಕ್ರಯವೇ ಹೆಚ್ಚಾಯಿತು. ಆದರೂ ಪಕ್ಕಾಸಿಗೆ ಸೊಸೈಟಿಯಲ್ಲಿ ಸಾಲ ಮಾಡುವುದೆಂದು ತೀರ್ಮಾನಿಸಿ, ಮರವನ್ನು ಈ ವರ್ಷ ಕೊಡುವುದಿಲ್ಲವೆಂದು ಹೇಳಿಕಳುಹಿಸಿದ್ದೇವೆ. ಅವನು ದೀಪಾವಳಿ ಕಳೆದು ಪುನಃ ಬರುವವನಿದ್ದಾನೆ.

ಅಂದು ಇಲಿ ತಂದ ಹುಡುಗರಿಬ್ಬರು ಒಂದು ಶನಿವಾರ ಸಂಜೆ ಈ ಮರದ ಕೆಳಗೆ ಬಂದು ಕುಳಿತರು. ಟಾರ್ಚಿನ ಗಾಜಿಗೆ ಕೆಂಪು ಬಟ್ಟೆ ಕಟ್ಟಿಕೊಂಡಿದ್ದೆವು. ಏಳೂವರೆಗೆ ಗೂಬೆಯೊಂದು ಪೊಟರೆಯ ಬಾಯಲ್ಲಿ ಕಾಣಿಸಿ ಹಾರಿಹೋಯಿತು. ಬೇರೆ ಏನೂ ಬರಲಿಲ್ಲ. ಉಂಬಳ ಮಾತ್ರ ಧಾರಾಳವಾಗಿ ಬಂದುವು. ಹೆಬ್ಬಲಸು ಹಣ್ಣಾಗುವ ಕಾಲಕ್ಕೆ, ಅಂದರೆ ಮೇ ತಿಂಗಳಲ್ಲಿ, ಪುನಃ ಕುಳಿತುಕೊಳ್ಳುವುದೆಂದು ಹುಡುಗರು ನಿಶ್ಚಯಿಸಿದ್ದಾರೆ. ಬಾಲ ನೋಡುವುದು ಹೇಗೆಂದು ಅವರಿಗೆ ಈಗ ಗೊತ್ತಿದೆ.